ಎಂಟನೆಯ ಅಂತಸ್ತಿನ ರಂಗಮಂದಿರ

2005ನೆಯ ಇಸವಿ ಡಿಸೆಂಬರ್ 8ರಂದು ಟೋಕಿಯೋ ನಗರದ ಅಕಿಹಾಬರಾ ಪೇಟೆಯಲ್ಲಿ ಒಂದು ಪುಟ್ಟ ರಂಗಮಂದಿರದ ಮೊದಲ ಪ್ರದರ್ಶನ ನಡೆಯಿತು. ಸೋಪಿನಿಂದ ಸೂಟ್‌ಕೇಸಿನವರೆಗೆ ಸಕಲವನ್ನೂ ಮಾರುವ ‘ಡಾನ್ ಕಿಹೋತೆ’ ಎಂಬ ಅಂಗಡಿ. ಅದರ ಎಂಟನೆಯ ಅಂತಸ್ತಿನಲ್ಲಿ ಈ ರಂಗಮಂದಿರ. ಹಿಡಿಸುವುದು 250 ಜನ. ಕುಳಿತವರ ಕಣ್ಣಿಗೆ ಅಡ್ಡವಾಗಿ ಎರಡು ದಪ್ಪ ಕಂಬಗಳು. ವೇದಿಕೆಯ ಮೇಲೆ ಇಪ್ಪತ್ತು ಹುಡುಗಿಯರು ಹಾಡಿದರು, ಕುಣಿದರು. ಕೆಳಗಿದ್ದವರಲ್ಲಿ ಆಹ್ವಾನಿತರನ್ನೂ ಸಂಬಂಧಪಟ್ಟವರನ್ನೂ ಬಿಟ್ಟರೆ, ಟಿಕೇಟು ಕೊಂಡು ಬಂದ ಸಾರ್ವಜನಿಕರು ಏಳೇ ಮಂದಿ!

ಆ ತಂಡದ ಹೆಸರು ಎಕೆಬಿ 48. ಏಳು ವರ್ಷಗಳೊಳಗೆ, 2012ರ ಆಗಸ್ಟಿನಲ್ಲಿ, ಅದು ಟೋಕಿಯೋ ಡೋಮ್ ಎಂಬ ಮಹಾ ಕ್ರೀಡಾಂಗಣದಲ್ಲಿ ಮೂರು ದಿನ ಹಾಡಿತು. ಆ ವೈಭವದ ಕಥೆಯನ್ನು ಬೇರೆಯವರು ಹೇಳಲಿ. ನಮಗೆ ಕುತೂಹಲವಿರುವುದು ಆ ಏಳು ಜನರಲ್ಲಿ.

‘ಐಡಲ್’ ಎಂದರೆ ನಮಗೆ ವಿಗ್ರಹ. ಜಪಾನೀಯರ ನಾಲಗೆಯಲ್ಲಿ ಅದು ‘ಐದೊರು’ ಆಗಿದೆ, ಅರ್ಥವೂ ಬದಲಾಗಿದೆ. ಅಲ್ಲಿ ಐಡಲ್ ಎಂದರೆ ಪರಿಪೂರ್ಣ ಗಾಯಕಿಯಲ್ಲ. ಇನ್ನೂ ಕಲಿಯುತ್ತಿರುವ, ಜನರ ಕಣ್ಣೆದುರಿಗೇ ಬೆಳೆಯುವ ಹುಡುಗಿ. ಅಲ್ಲಿಯವರೆಗೆ ಇಂಥವರನ್ನು ಹೆಚ್ಚಾಗಿ ಟೆಲಿವಿಷನ್ನಿನಲ್ಲಿ ನೋಡಬೇಕಾಗಿತ್ತು. ಗೀತರಚನಕಾರ ಅಕಿಮೊತೊ ಯಾಸುಶಿ, 1985ರಲ್ಲಿ ಹುಟ್ಟಿದ ‘ಒನ್ಯಾಂಕೊ ಕ್ಲಬ್’ ಎಂಬ ಟೆಲಿವಿಷನ್ ತಂಡಕ್ಕೆ ಹಾಡು ಬರೆದು ಹೆಸರಾದವರು. ಈ ಬಾರಿ ಅವರು ಹಿಡಿದದ್ದು ವಿರುದ್ಧ ದಾರಿ: ‘ನಾವೇ ಹೋಗಿ ಕಾಣಬಹುದಾದ ಐಡಲ್’. ಹದಿನಾರು ಮಂದಿಯ ತಂಡ, ಎರಡು ಗಂಟೆಯಷ್ಟು ಕಾರ್ಯಕ್ರಮ. ಅದೇ ಹಾಡುಗಳು ತಿಂಗಳುಗಟ್ಟಲೆ. ಬೇಸರವಾಗದೆ ಎಂದು ಕೇಳಬಹುದು. ಕಂಪನಿ ನಾಟಕವೊಂದನ್ನು ಹತ್ತು ಸಲ ನೋಡಿ ಬಂದ ನಮ್ಮ ಹಿರಿಯರನ್ನು ಕೇಳಿದ್ದರೆ ಉತ್ತರ ಸಿಕ್ಕುತ್ತಿತ್ತು. ನಿನ್ನೆ ಹೆಜ್ಜೆ ತಪ್ಪಿದವಳು ಇಂದು ತಪ್ಪಲಿಲ್ಲವೆಂಬುದು, ನಿನ್ನೆ ನೋಡಿದ್ದವನಿಗೆ ಮಾತ್ರ ತಿಳಿಯುವ ಸಂಗತಿ.

ಅಲ್ಲಿ ಪ್ರೇಕ್ಷಕನ ಮಾತಿಗೂ ಬೆಲೆಯಿತ್ತು. ಆಯ್ಕೆಯಲ್ಲಿ ಸೋತು, ರಂಗಮಂದಿರದ ಕಾಫಿ ಕೋಣೆಯಲ್ಲಿ ಕೆಲಸಕ್ಕೆ ನಿಂತಿದ್ದ ಶಿನೋದಾ ಮಾರಿಕೊ ಎಂಬಾಕೆ ಬಂದುಹೋಗುವ ಅಭಿಮಾನಿಗಳ ಮೆಚ್ಚುಗೆ ಗಳಿಸಿ, 2006ರ ಜನವರಿಯಲ್ಲಿ ವೇದಿಕೆಯನ್ನೇ ಏರಿದಳು.

ಇದೆಲ್ಲ ಹೊಸ ಕಾಲದ ಹುಚ್ಚು ಎನ್ನುವವರು ನೂರು ವರ್ಷಕ್ಕೂ ಹಿಂದೆ, ಮೇಜಿ ಚಕ್ರವರ್ತಿಯ ಕಾಲಕ್ಕೆ ಒಮ್ಮೆ ಹೋಗಿಬರಬೇಕು. 1629ರಲ್ಲಿ ಹೆಂಗಸರನ್ನು ರಂಗದಿಂದ ಹೊರಗಟ್ಟಿದ್ದ ದೇಶ ಅದು. ಮೇಜಿ ಕಾಲದಲ್ಲಿ ಆ ಕಟ್ಟು ಸಡಿಲಿದಾಗ ಟೋಕಿಯೋದ ‘ಯೊಸೆ’ ಎಂಬ ಸಣ್ಣ ಮನರಂಜನಾಗೃಹಗಳಲ್ಲಿ ‘ಮುಸುಮೆ ಗಿದಾಯು’ ಎಂಬುದು ತಲೆಯೆತ್ತಿತು. ಗಿದಾಯು ಎಂದರೆ ಶಾಮಿಸೆನ್ ವಾದ್ಯದೊಡನೆ ಕಥೆಯನ್ನು ಹಾಡಿ, ಆಡಿ ಹೇಳುವ ಕಲೆ; ನಮ್ಮ ಹರಿಕಥೆಯನ್ನು ನೆನೆದರೆ ಸ್ವಲ್ಪ ಹತ್ತಿರ ಬಂದಂತೆ. ಮುಸುಮೆ ಎಂದರೆ ಹುಡುಗಿ. ಬೊಂಬೆಯಾಟದ ಗಂಭೀರ ಗಾಯನವನ್ನು ಹದಿಹರೆಯದ ಹುಡುಗಿಯರು ಹಾಡತೊಡಗಿದಾಗ ವಿದ್ಯಾರ್ಥಿಗಳು ಪಾಠ ಮರೆತರು.

ಅವರಲ್ಲಿ ಮಹಾಪ್ರಸಿದ್ಧಳು 1875ರಲ್ಲಿ ಹುಟ್ಟಿದ ತಾಕೆಮೊತೊ ಅಯಾನೊಸುಕೆ. ಕಥೆ ಶೋಕದ ತುತ್ತತುದಿಗೆ ಬಂದಾಗ ಸಭೆಯ ತರುಣರು ‘ದೋ ಸುರು, ದೋ ಸುರು!’ ಎಂದು ಕೂಗುವರು. ‘ಏನು ಮಾಡೋಣ, ಏನು ಮಾಡೋಣ!’ ಎಂಬುದು ಅದರ ಅರ್ಥ. ಬಾಗಿಲಲ್ಲಿ ಪಾದರಕ್ಷೆ ಬಿಟ್ಟಾಗ ಕೊಟ್ಟ ಮರದ ಬಿಲ್ಲೆಗಳನ್ನೇ ತಾಳವಾಗಿ ಕುಟ್ಟುವರು. ಆಟ ಮುಗಿದರೂ ಬಿಡುವವರಲ್ಲ. ಆಕೆಯ ರಿಕ್ಷಾದ ಹಿಂದೆ ಓಡುತ್ತ ಮುಂದಿನ ಯೊಸೆಗೂ ಹೋಗುವರು. ಇವರಿಗೆ ‘ದೋಸುರು ದಂಡು’ ಎಂದೇ ಹೆಸರಾಯಿತು. ಪತ್ರಿಕೆಗಳು ಛೀಮಾರಿ ಹಾಕಿದವು. ಮುಂದೆ ದೊಡ್ಡ ಸಾಹಿತಿಯಾದ ಶಿಗಾ ನಾವೊಯಾ ಕೂಡ ವಿದ್ಯಾರ್ಥಿದೆಸೆಯಲ್ಲಿ ಈ ಗಾಯಕಿಯರ ಮೋಹಕ್ಕೆ ಬಿದ್ದವರೇ. ಅಕಿಹಾಬರಾದಲ್ಲಿ ಹಾಡಿನ ಮೊದಲ ವಾದ್ಯಘೋಷಕ್ಕೆ ಸರಿಯಾಗಿ ಸಭೆಯೆಲ್ಲ ‘ಟೈಗರ್, ಫೈರ್, ಸೈಬರ್, ಫೈಬರ್’ ಎಂದು ಅರ್ಥವಿಲ್ಲದ ಇಂಗ್ಲಿಷು ಮಾತುಗಳನ್ನು ಒಕ್ಕೊರಲಿನಿಂದ ಕೂಗುವುದುಂಟು. ಮರದ ಬಿಲ್ಲೆಯ ಬದಲು ಕೈಯಲ್ಲಿ ಬಣ್ಣದ ಬೆಳಕಿನ ಕೋಲು. ಅರ್ಥದ ಮಟ್ಟಿಗೆ ಹಳಬರೇ ಮೇಲು ಎನ್ನಬೇಕು.

ಇಂಥ ಆಟಗಳು ನೆಲೆಸುವ ಜಾಗಗಳೂ ವಿಚಿತ್ರ. ರೈಲ್ವೆ ಉದ್ಯಮಿ ಕೊಬಾಯಾಶಿ ಇಚಿಜೊ ತಮ್ಮ ರೈಲುದಾರಿಯ ಕೊನೆಯ ಊರಾದ ತಕರಜುಕದಲ್ಲಿ ಈಜುಕೊಳ ಕಟ್ಟಿಸಿ ಸೋತರು. ಕೊಳದ ಮೇಲೆ ಹಲಗೆ ಹಾಸಿ, ಜನರನ್ನು ಕೂರಿಸಿ, 1914ರ ಏಪ್ರಿಲ್ 1ರಂದು ಬಾಲಕಿಯರ ಗೀತನಾಟಕ ಆಡಿಸಿದರು. ಇಂದಿನ ಹೆಸರಾಂತ ತಕರಜುಕ ಕಂಪನಿಯ ಹುಟ್ಟು ಅದು. 1929ರಲ್ಲಿ ಟೋಕಿಯೋದ ಅಸಾಕುಸಾದಲ್ಲಿ ‘ಕಸಿನೊ ಫೋಲಿ’ ಎಂಬ ನೃತ್ಯಮಂಡಲಿ ತೆರೆದದ್ದು ಮೀನುಗಳ ಪ್ರದರ್ಶನಶಾಲೆಯ ಮಹಡಿಯ ಮೇಲೆ. ಕಾದಂಬರಿಕಾರ ಕಾವಾಬಾತಾ ಯಾಸುನಾರಿ ಪತ್ರಿಕೆಯ ಧಾರಾವಾಹಿಯಲ್ಲಿ ಅದನ್ನು ಕುರಿತು ಬರೆದ ಮೇಲೆ ಜನ ನುಗ್ಗಿದರು. ಕೆಳಗೆ ಮೀನು, ಮೇಲೆ ನರ್ತಕಿಯರು. ಅಕಿಹಾಬರಾದಲ್ಲಿ ಕೆಳಗೆ ಸೋಪು.

ಆದರೆ ಹತ್ತಿರದಿಂದ ನೋಡುವ ಈ ಸುಖಕ್ಕೆ ಬೆಲೆ ತೆರುವವಳು ವೇದಿಕೆಯ ಮೇಲಿನ ಹುಡುಗಿ. ಅಯಾನೊಸುಕೆ 1898ರಲ್ಲಿ ಮದುವೆಯಾಗಿ ರಂಗವನ್ನು ಬಿಟ್ಟಳು. ಅದನ್ನು ಸುದ್ದಿಯೆಂದು ನೆನೆದವರುಂಟು, ಅಪರಾಧವೆಂದಲ್ಲ. ಅಕಿಹಾಬರಾದ ಹುಡುಗಿಯರಿಗೆ ಪ್ರೇಮವೇ ನಿಷಿದ್ಧವೆಂಬ ಕಟ್ಟಳೆ ಬೆಳೆಯಿತು. 2013ರ ಜನವರಿಯಲ್ಲಿ, ಗೆಳೆಯನೊಬ್ಬನ ಮನೆಯಲ್ಲಿ ರಾತ್ರಿ ಕಳೆದಳೆಂದು ವಾರಪತ್ರಿಕೆ ಬರೆದದ್ದೇ ತಡ, ಇಪ್ಪತ್ತು ವರ್ಷದ ಸದಸ್ಯೆಯೊಬ್ಬಳು ತಲೆ ಬೋಳಿಸಿಕೊಂಡು, ಅಳುತ್ತ ಕ್ಷಮೆ ಕೇಳಿದಳು. ಆಕೆಯನ್ನು ತರಬೇತಿಯವರ ಸಾಲಿಗೆ ಇಳಿಸಲಾಯಿತು. ಏಳು ಮಂದಿ ಪ್ರೇಕ್ಷಕರಿದ್ದ ಮೊದಲ ದಿನವೂ ವೇದಿಕೆಯ ಮೇಲೆ ಇದ್ದವಳು ಆಕೆ. ಆ ಚಿತ್ರ ಕಂಡು ಜಪಾನಿನ ಒಳಗೂ ಹೊರಗೂ ಅನೇಕರು ನಾಚಿದರು. ಮರುವರ್ಷದ ಮೇ ತಿಂಗಳಲ್ಲಿ ಇವಾತೆ ಪ್ರಾಂತದಲ್ಲಿ, ಅಭಿಮಾನಿಗಳು ಸಾಲಾಗಿ ಬಂದು ಕೈಕುಲುಕುವ ಸಮಾರಂಭದೊಳಕ್ಕೆ ಒಬ್ಬ ಗರಗಸ ಹಿಡಿದು ಬಂದ. ಇಬ್ಬರು ಸದಸ್ಯೆಯರೂ ಒಬ್ಬ ಕೆಲಸಗಾರನೂ ಗಾಯಗೊಂಡರು. ನಾವೇ ಹೋಗಿ ಕಾಣಬಹುದೆಂಬ ಮಾತಿಗೆ ಹೀಗೂ ಒಂದು ಅರ್ಥ ಬಂದಿತು.

ಕೀರ್ತಿ ಬೆಳೆದಂತೆ ರಂಗಮಂದಿರವೇನೂ ಬೆಳೆಯಲಿಲ್ಲ. ಅವವೇ 250 ಸ್ಥಾನಗಳಿಗೆ ಎಷ್ಟೋ ಪಟ್ಟು ಅರ್ಜಿಗಳು; ಚೀಟಿ ಎತ್ತಿ ಟಿಕೇಟು ಕೊಡುವ ಏರ್ಪಾಡು ಬಂತು. ಟಿಕೇಟು ದಕ್ಕಿದವರಿಗೆ ಬಾಗಿಲಲ್ಲಿ ಇನ್ನೊಂದು ಅದೃಷ್ಟಪರೀಕ್ಷೆ: ಸಂಖ್ಯೆಗಳನ್ನು ಎತ್ತಿ, ಹತ್ತು ಹತ್ತು ಜನರನ್ನು ಒಳಗೆ ಬಿಡುವರು. ಮೊದಲು ಕರೆಸಿಕೊಂಡವನು ಮುಂದಿನ ಸಾಲಿಗೆ ಓಡಿದರೆ, ಕೊನೆಗೆ ಕರೆಸಿಕೊಂಡವನಿಗೆ ಹಿಂದೆ ನಿಲ್ಲುವ ಜಾಗ, ಎದುರಿಗೆ ಕಂಬ.

2020ರಲ್ಲಿ ಸಾಂಕ್ರಾಮಿಕ ರೋಗದ ಭಯದಿಂದ ರಂಗಮಂದಿರ ಮುಚ್ಚಿತು. ತೆರೆದಾಗ ಕೂಗುವುದಕ್ಕೆ ಅವಕಾಶವಿರಲಿಲ್ಲ. ಆಮೇಲೆ ಮತ್ತೆ ದುರಸ್ತಿಗಾಗಿ ಮುಚ್ಚಿದ್ದನ್ನು 2024ರಲ್ಲಿ ತೆರೆದರು. ಅದಕ್ಕೆ ಆರಿಸಿಕೊಂಡ ದಿನ ಡಿಸೆಂಬರ್ 8.