ಹರಟೆಕಟ್ಟೆಯಿಂದ ಯಂತ್ರಸಂವಾದದವರೆಗೆ

ಮಾತು ಬಾಯಿಂದ ಕಿವಿಗೆ ಹೋಗುವುದು ಹಳೆಯ ಕ್ರಮ. ಅದು ಬೆರಳಿನಿಂದ ಕಣ್ಣಿಗೆ ಹೋಗುವ ಇನ್ನೊಂದು ಕ್ರಮ ನಮ್ಮ ತಲೆಮಾರಿನ ಎದುರಿಗೇ ಹುಟ್ಟಿ ಬೆಳೆಯಿತು. ಪೂರ್ತಿ ಬರೆಹವೂ ಅಲ್ಲದ, ಪೂರ್ತಿ ಮಾತೂ ಅಲ್ಲದ ಈ ಪ್ರಕಾರವನ್ನು ಜನ ಚಾಟ್ ಎಂದು ಕರೆದರು. ನಾವು ಹರಟೆ ಎನ್ನೋಣ. ಇಂದು ಮನುಷ್ಯನ ಬದಲಿಗೆ ಯಂತ್ರವೇ ಎದುರು ಕುಳಿತು ಉತ್ತರ ಕೊಡುತ್ತಿದೆ. ಹಳೆಯ ಹರಟೆಯ ಅಭ್ಯಾಸಗಳು ಈ ಹೊಸ ಸಂವಾದಕ್ಕೆ ಎಷ್ಟರಮಟ್ಟಿಗೆ ಒದಗಿಬರುತ್ತವೆ ಎಂಬುದೇ ಈ ಹೊತ್ತಿನ ವಿಚಾರ.

ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯಿಕಾರಿನೆನ್ ಎಂಬಾತ 1988ರಲ್ಲಿ ಇಂಟರ್‌ನೆಟ್ ರಿಲೇ ಚಾಟ್ ಎಂಬ ವ್ಯವಸ್ಥೆಯನ್ನು ರೂಪಿಸಿದ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕಾಫಿಯೊಡನೆ ಅಂತರ್ಜಾಲವನ್ನೂ ಒದಗಿಸುವ ಅಂಗಡಿ ತೆರೆಯಿತು. 1998ರಲ್ಲಿ ಯಾಹೂ ಮೆಸೆಂಜರ್ ಬಂತು. ಅದು 2018ರಲ್ಲಿ ಕಣ್ಮುಚ್ಚಿತು. ಈ ಎರಡು ದಶಕಗಳ ನಡುವೆ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಅಡ್ಡರಸ್ತೆಗಳಲ್ಲಿ ಸೈಬರ್ ಕೆಫೆಗಳು ಮೂಡಿ ಮರೆಯಾದವು. ಸಾಫ್ಟ್‌ವೇರ್ ಉದ್ಯೋಗಕ್ಕಾಗಿ ಅಮೆರಿಕಕ್ಕೆ ಹೋದ ಮಕ್ಕಳೊಡನೆ ದೂರವಾಣಿಯಲ್ಲಿ ಮಾತನಾಡುವುದು ದುಬಾರಿಯಾಗಿದ್ದ ಕಾಲ ಅದು. ಗಂಟೆಯ ಲೆಕ್ಕದಲ್ಲಿ ಹಣ ತೆತ್ತು, ಒಂದೊಂದೇ ಕೀಲಿಯನ್ನು ಹುಡುಕಿ ಒತ್ತುತ್ತಿದ್ದ ತಂದೆತಾಯಿಯರನ್ನು ನಾನು ಅಲ್ಲಿ ಕಂಡಿದ್ದೇನೆ.

ಅವರು ಬರೆಯುತ್ತಿದ್ದುದು ಕನ್ನಡವನ್ನೇ. ಆದರೆ ಲಿಪಿ ಮಾತ್ರ ರೋಮನ್. ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು; 1998ರಲ್ಲಿ ಬರಹ ತಂತ್ರಾಂಶವೂ ಬಂದಿತ್ತು. ಆದರೂ ಕೆಫೆಯ ಗಣಕಗಳಲ್ಲಿ ನಮ್ಮ ಅಕ್ಷರಗಳು ಸುಲಭವಾಗಿ ದೊರೆಯುತ್ತಿರಲಿಲ್ಲ. ರೋಮನ್ ಲಿಪಿಯಲ್ಲೋ ಲ ಮತ್ತು ಳ, ತ ಮತ್ತು ಟ ಒಂದೇ. ಹ್ರಸ್ವ ದೀರ್ಘಗಳ ಗೊಡವೆಯೇ ಇಲ್ಲ. ಆದಕಾರಣ ಹಳ್ಳಿಯೂ ಹಲ್ಲಿಯೂ ಒಂದೇ ರೂಪ ತಾಳುತ್ತಿದ್ದವು, ಕಟ್ಟು ಮತ್ತು ಕತ್ತು ಒಂದಾಗುತ್ತಿದ್ದವು. ಹಳ್ಳಿಗೆ ಹೋಗಿದ್ದೆನೆಂದು ತಂದೆ ಬರೆದರೆ, ಮಗ ಸಂದರ್ಭದಿಂದಲೇ ಅರ್ಥ ಹಿಡಿಯಬೇಕಾಗಿತ್ತು. ಸಂದೇಹವಾದೀತೆನಿಸಿದರೆ ತಂದೆಯೇ ಅಜ್ಜನ ಊರು ಎಂದು ಎರಡು ಪದ ಸೇರಿಸುತ್ತಿದ್ದರು.

ಈ ಎರಡು ಪದ ಸೇರಿಸುವ ಅಭ್ಯಾಸ ಸಣ್ಣದಲ್ಲ. ಮುಖವಿಲ್ಲದ, ದನಿಯಿಲ್ಲದ ಮಾತಿನಲ್ಲಿ ಸಂದರ್ಭವನ್ನು ನಾವೇ ಕಟ್ಟಿಕೊಡಬೇಕು; ಒಂದು ಸಲಕ್ಕೆ ಒಂದೇ ವಿಷಯ ಕೇಳಬೇಕು; ತಪ್ಪು ತಿಳಿದರೆ ಮುಂದಿನ ಸಾಲಿನಲ್ಲೇ ತಿದ್ದಬೇಕು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಬಳಕೆಗೆ ಬಂದ ಸಂವಾದಯಂತ್ರಗಳಿಗೂ ಬೇಕಾದದ್ದು ಇದೇ. ಅಪಾರ ಬರೆಹರಾಶಿಯಿಂದ ಕಲಿತು, ಮುಂದೆ ಯಾವ ಪದ ಬಂದೀತೆಂದು ಊಹಿಸುತ್ತ ಉತ್ತರ ಕಟ್ಟುವ ಯಂತ್ರಕ್ಕೆ ನಾವು ಕೊಡುವ ಸಂದರ್ಭವೇ ದಿಕ್ಕು. ಮಗನಿಗಾದರೆ ‘ಆ ವಿಷಯ ಏನಾಯಿತು’ ಎಂದರೆ ಸಾಕಿತ್ತು. ಮನೆಯ ನೆನಪು ಅವನಲ್ಲಿತ್ತು. ಯಂತ್ರಕ್ಕೆ ಆ ನೆನಪಿಲ್ಲ. ಆದ್ದರಿಂದ ಹರಟೆಯ ಸಂಕ್ಷಿಪ್ತತೆಯನ್ನು ಬಿಟ್ಟು, ಅದರ ತಾಳ್ಮೆಯನ್ನು ಮಾತ್ರ ಉಳಿಸಿಕೊಳ್ಳುವುದು ಲೇಸು.

ಮರುಪ್ರಶ್ನೆಯ ಕಲೆ ಕನ್ನಡಕ್ಕೆ ಹೊಸದೇನಲ್ಲ. ಹದಿನೈದನೆಯ ಶತಮಾನದಲ್ಲಿ ಮೊದಲು ಸಂಕಲನಗೊಂಡ ಶೂನ್ಯಸಂಪಾದನೆ ವಚನಗಳನ್ನೇ ಸಂವಾದವಾಗಿ ಹೆಣೆದ ಗ್ರಂಥ. ಅಲ್ಲಿ ಅಲ್ಲಮಪ್ರಭು ಅಕ್ಕಮಹಾದೇವಿಯ ಮೊದಲ ಉತ್ತರಕ್ಕೇ ತೃಪ್ತನಾಗುವುದಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆಯಿಟ್ಟು ಒರೆಗೆ ಹಚ್ಚುತ್ತಾನೆ.

ಹರಟೆಯ ಕಾಲ ಕಲಿಸಿದ ಇನ್ನೊಂದು ಪಾಠ ಸಂಶಯ. ಆಚೆ ಕುಳಿತವರು ಹೇಳಿಕೊಂಡ ಹೆಸರು, ವಯಸ್ಸು, ಊರು ನಿಜವೆಂಬ ಭರವಸೆಯಿರಲಿಲ್ಲ; ಬಲ್ಲವರು ಪರೀಕ್ಷಿಸದೆ ನಂಬುತ್ತಿರಲಿಲ್ಲ. ಈ ಪಾಠ ಈಗ ಹೆಚ್ಚು ಅಗತ್ಯ. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ ಎಲೈಜಾ ಎಂಬ ಸಂವಾದಕ್ರಮವನ್ನು ಪ್ರಕಟಿಸಿದರು. ಅದು ಕೇಳಿದವರ ಮಾತನ್ನೇ ತಿರುಗಿಸಿ ಪ್ರಶ್ನಿಸುತ್ತಿತ್ತು, ಅಷ್ಟೇ. ಅದು ಸಿದ್ಧವಾದುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಏಕಾಂತದಲ್ಲಿ ಮಾತನಾಡಬೇಕು, ತಾವು ಹೊರಗಿರಿ ಎಂದರಂತೆ!

ಈಚೆಗೆ ಒಂದು ಯಂತ್ರವನ್ನು ಬಸವಣ್ಣನವರ ವಚನವೊಂದನ್ನು ಕೊಡೆಂದು ನಾನು ಕೇಳಿದೆ. ಕೂಡಲಸಂಗಮದೇವನ ಅಂಕಿತದೊಡನೆ ಒಂದು ವಚನ ಬಂತು. ಲಯವಿತ್ತು, ಅಂಕಿತ ಸರಿಯಾಗಿತ್ತು. ಆದರೆ ಸಮಗ್ರ ವಚನ ಸಂಪುಟದಲ್ಲಿ ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಹರಟೆಯಲ್ಲಿ ಸುಳ್ಳು ಹೇಳುವವನಿಗೆ ತಾನು ಹೇಳುತ್ತಿರುವುದು ಸುಳ್ಳೆಂದು ಗೊತ್ತಿರುತ್ತಿತ್ತು. ಯಂತ್ರಕ್ಕೆ ಅಂಥ ಅಳುಕಿಲ್ಲ. ಹೀಗೆ ಹುಟ್ಟಿದ ವಚನವೊಂದು ಯಾವನೋ ವಿದ್ಯಾರ್ಥಿಯ ಪ್ರಬಂಧ ಸೇರಿ, ಅಲ್ಲಿಂದ ಪುಸ್ತಕ ಸೇರಿದರೆ, ಪಾಠಶುದ್ಧಿಗಾಗಿ ತಲೆಮಾರುಗಳು ಪಟ್ಟ ಶ್ರಮ ನೀರುಪಾಲಾದಂತೆಯೇ ಸರಿ.

ಯಂತ್ರದೊಡನೆ ಮಾತು ಬೇಡವೆಂದು ಹೇಳುವವನು ನಾನಲ್ಲ. ಇಂದು ಅದು ಕನ್ನಡ ಲಿಪಿಯಲ್ಲೇ ಕೇಳಿಸಿಕೊಳ್ಳುತ್ತದೆ, ಕನ್ನಡದಲ್ಲೇ ಹೇಳುತ್ತದೆ. ಹಳ್ಳಿ ಹಲ್ಲಿಯಾಗುವ ಕಷ್ಟ ತಪ್ಪಿದೆ. ವಿವರವಾಗಿ ಕೇಳೋಣ, ತಿದ್ದಿ ಮತ್ತೆ ಕೇಳೋಣ, ಆಮೇಲೆ ಎದ್ದು ಹೋಗಿ ಕಪಾಟಿನ ಪುಸ್ತಕವನ್ನೂ ತೆರೆದು ನೋಡೋಣ.