ಬುಟ್ಟಿ ಹೆಣೆಯೋರ ಮಾತಿಗೆ ಶಾಸನವಿಲ್ಲ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯಲ್ಲಿ ಕಲ್ಲೂ ಮಾತಾಡುತ್ತದೆ ಅಂತ ಇತಿಹಾಸದ ಮೇಷ್ಟ್ರುಗಳು ಹೇಳ್ತಾರೆ. ನಿಜವೇ. ಬಿ.ಎಲ್. ರೈಸ್ 1894 ಮತ್ತು 1898ರಲ್ಲಿ ಅಚ್ಚು ಹಾಕಿಸಿದ ಸಂಪುಟಗಳಲ್ಲಿ ಇಲ್ಲಿನ ಕನ್ನಡ ಶಾಸನಗಳಿವೆ, ತೊಣ್ಣೂರಿನ ತಮಿಳು ಶಾಸನಗಳಿವೆ. ಶ್ರೀರಂಗಪಟ್ಟಣದ ಮಸೀದಿಯಲ್ಲಿ ಪಾರ್ಸಿ ಇದೆ. ಭೂಮಿ ದಾನ ಕೊಟ್ಟವನ ಭಾಷೆ ಉಳೀತು, ಇಸಕೊಂಡವನ ಭಾಷೆಯೂ ಉಳೀತು. ಆ ಭೂಮಿಯ ರಾಗಿ ತುಂಬೋದಕ್ಕೆ ಮಂಕರಿ ಹೆಣೆದುಕೊಟ್ಟವನ ಭಾಷೆ ಎಲ್ಲಿ?

ಕೊರಮರು, ಕೊರಚರು ಮನೆಯೊಳಗೆ ಆಡೋ ಮಾತು ತಮಿಳಿನ ದಾಯಾದಿ. ಅಲೆದ ದಾರಿಯಲ್ಲಿ ತೆಲುಗೂ ಕನ್ನಡವೂ ಅದಕ್ಕೆ ಬೆರೆತಿವೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆ ಸುತ್ತಿದ ಬುಕಾನನ್ ಇವರ ಬಗ್ಗೆ ಬರೆದ: ಬುಟ್ಟಿ ಹೆಣೆಯುತ್ತಾರೆ, ಉಪ್ಪು ಮತ್ತು ಧಾನ್ಯದ ದೊಡ್ಡ ವ್ಯಾಪಾರ ಮಾಡುತ್ತಾರೆ. ಅಂದರೆ ಊರಿಗೆ ಉಪ್ಪು ತಂದವರು. ಬೆಂಗಳೂರಿನಿಂದ ಶ್ರೀರಂಗಪಟ್ಟಣ ಹಾದು ಮೈಸೂರಿಗೆ 1882ರ ಹೊತ್ತಿಗೆ ರೈಲು ಬಂತು. ಉಪ್ಪು ರೈಲು ಹತ್ತಿತು, ಹೇರೆತ್ತು ಹೊಡೆಯೋನು ದಾರೀಲಿ ನಿಂತ. ದಾರೀಲಿ ನಿಂತವನನ್ನು ಹಿಡಿಯೋಕೆ 1871ರಲ್ಲೇ ಕಾನೂನು ತಯಾರಾಗಿತ್ತು. 1911ರಲ್ಲಿ ಮದರಾಸು ಪ್ರಾಂತ್ಯಕ್ಕೂ ಬಂತು. ಕುಲಕ್ಕೆ ಕುಲವನ್ನೇ ಕಳ್ಳ ಅಂತ ಬರೆಯೋ ಕಾನೂನು ಅದು.

ಇಲ್ಲೇ ಭಾಷೆಯ ಕತೆ ಶುರು. ಗ್ರಿಯರ್ಸನ್ನನ ಭಾಷಾ ಸಮೀಕ್ಷೆಯ 1906ರ ಸಂಪುಟ ಕೊರವರ ಮಾತನ್ನು ತಮಿಳಿನ ಜೊತೆ ಇಟ್ಟು ನೋಡಿತು. ಪೊಲೀಸರಿಗೆ ಮಾತ್ರ ಅದು ಕಳ್ಳರ ಗುಟ್ಟಿನ ಮಾತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಹೋಗಿ ಕಿವಿಗೊಡಿ. ಅಯ್ಯಂಗಾರರ ಮನೆಗಳಲ್ಲೂ ಕನ್ನಡ ಬೆರೆತ ತಮಿಳೇ. ಅದನ್ನು ಯಾವ ಜಮಾದಾರನೂ ಗುಟ್ಟಿನ ಮಾತು ಅನ್ನಲಿಲ್ಲ. ನನಗೆ ಆ ತಮಿಳಿನ ಮೇಲೆ ಸಿಟ್ಟಿಲ್ಲ, ಅದೂ ಬಾಳಲಿ. ಎರಡೂ ಕಲಬೆರಕೆಯೇ ಆಗಿದ್ದಾಗ ಒಂದು ಸಂಪ್ರದಾಯ, ಇನ್ನೊಂದು ಅಪರಾಧ ಆಗಿದ್ದು ಹೇಗೆ? ವ್ಯಾಕರಣ ಇದಕ್ಕೆ ಉತ್ತರ ಕೊಡೋದಿಲ್ಲ, ಜಾತಿ ಕೊಡುತ್ತೆ.

1952ರ ಆಗಸ್ಟ್ 31ಕ್ಕೆ ಆ ಕಾನೂನು ಹೋಯಿತು. ಹೊರಗಿನವರು ಬಂದರೆ ದನಿ ತಗ್ಗಿಸೋ ಅಭ್ಯಾಸ ಹೋಗಲಿಲ್ಲ. ಮಗು ನಾಲ್ಕು ಜನರ ಎದುರು ಮನೆಮಾತು ಆಡಿದರೆ ತಾಯಿಯೇ ಬಾಯಿ ಮುಚ್ಚಿಸ್ತಾಳೆ. ಅವಳನ್ನು ಅನ್ನೋಕೆ ನಮಗೆ ಯಾವ ಬಾಯಿ?

ಉಳಿದದ್ದನ್ನು ಲೆಕ್ಕದವರು ಮಾಡಿದರು. 1971ರ ಜನಗಣತಿಯಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳ ಹೆಸರೇ ಪಟ್ಟಿಯಲ್ಲಿ ಬರೋದಿಲ್ಲ. ಕೊರವ ಮಾತನ್ನು ತಮಿಳಿನ ಹೊಟ್ಟೆಗೆ ಸೇರಿಸಿ ಎಣಿಸ್ತಾರೆ. ಸಂತೇಲಿ ಮೊರ ಮಾರೋ ಹೆಂಗಸು ಮದರಾಸನ್ನೇ ಕಂಡಿರಲಾರಳು, ಕಾಗದದಲ್ಲಿ ತಮಿಳಿನವಳು.

ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಮೊದಲ ಪಾಠ ತಾಯ್ನುಡಿಯಲ್ಲಿ ಸಿಗುವಂತೆ ಮಾಡಬೇಕು ಅಂತ ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. 1982ರ ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದ ನಾವು ಸಂಸ್ಕೃತದ ಯಜಮಾನಿಕೆಯನ್ನು ಸರಿಯಾಗೇ ಪ್ರಶ್ನಿಸಿದೆವು. ಕನ್ನಡಕ್ಕಿಂತ ಚಿಕ್ಕ ಮಾತೊಂದು ನಮ್ಮ ಹಟ್ಟಿಯ ಪಕ್ಕದಲ್ಲೇ ಉಸಿರಾಡ್ತಿದೆ ಅನ್ನೋದು ನಮ್ಮ ಘೋಷಣೆಗೆ ಬರಲಿಲ್ಲ. ಹಗ್ಗ ಹೊಸೆದ ನುಲಿಯ ಚಂದಯ್ಯನನ್ನು ಕೊರಮರು ತಮ್ಮವನು ಅಂತಾರೆ. ಹನ್ನೆರಡನೇ ಶತಮಾನದಲ್ಲಿ ಆತ ಕನ್ನಡಕ್ಕೆ ವಚನ ಕೊಟ್ಟ. ಆ ಸಾಲ ನಮ್ಮ ಮೇಲೆ ಇನ್ನೂ ಹಾಗೇ ಇದೆ.

ಹಳ್ಳಿ ಶಾಲೆಯ ಮೇಷ್ಟ್ರೇ, ನಿಮ್ಮ ತರಗತಿಯಲ್ಲಿ ಅಂಥ ಮನೆಯ ಮಗು ಇದ್ದರೆ, ಒಂದು ಸಂಜೆ ಅದರ ಅಜ್ಜಿಯ ಹತ್ರ ಕೂತ್ಕೊಳ್ಳಿ. ಬಿದಿರಿಗೆ, ಸೀಳೋ ಕತ್ತಿಗೆ, ಬುಟ್ಟಿಯ ಅಂಚಿಗೆ ಅವರ ಮಾತಲ್ಲಿ ಏನಂತಾರೆ ಕೇಳಿ. ಒಪ್ಪಿದರೆ ಬರೆದುಕೊಳ್ಳಿ. ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಅವರ ಕಸುಬೂ ಹೋಗ್ತಾ ಇದೆ, ಕಸುಬಿನ ಹೆಸರುಗಳೂ ಹೋಗ್ತಾ ಇವೆ.