ಪ್ರಾಕ್ಸಿ ಸರಪಳಿಯ ಪೂರ್ವೋತ್ತರ

ವೇಗ ಮತ್ತು ಗೌಪ್ಯ ಎಂಬ ಎರಡು ಅಪೇಕ್ಷೆಗಳು ಇಂದಿನ ಅಂತರಜಾಲದ ಓದುಗನಿಗೆ ಒಂದೇ ಉಸಿರಿನಲ್ಲಿ ನೆನಪಾಗುವಂಥವಾದರೂ, ಅವುಗಳ ಸ್ವಭಾವ ಪರಸ್ಪರ ವಿರುದ್ಧವಾದುದು. ಏಕೆಂದರೆ ವೇಗವು ಬೇಡುವುದು ಸ್ಮೃತಿಯನ್ನು, ಗೌಪ್ಯವು ಬೇಡುವುದು ವಿಸ್ಮೃತಿಯನ್ನು. ಒಮ್ಮೆ ತಂದ ಪುಟವನ್ನು ಕಾಪಿಟ್ಟುಕೊಂಡವನು ಮಾತ್ರವೇ ಅದನ್ನು ಎರಡನೆಯ ಸಲ ಕ್ಷಣಮಾತ್ರದಲ್ಲಿ ಕೊಡಬಲ್ಲನು. ಆದರೆ ಹಾಗೆ ಕಾಪಿಟ್ಟುಕೊಂಡವನಿಗೆ, ಯಾರು ಯಾವಾಗ ಏನನ್ನು ಓದಿದರೆಂಬುದೂ ತಾನಾಗಿಯೇ ತಿಳಿದುಹೋಗುತ್ತದೆ. ಈ ವಿರೋಧವನ್ನು ಪರಿಹರಿಸಲು, ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ, ಯಾವ ಸಂಸ್ಥೆಯ ಆಶ್ರಯವೂ ಇಲ್ಲದ ಕುತೂಹಲಿಗಳು ತಮ್ಮತಮ್ಮ ಗಣಕಗಳಲ್ಲಿಯೇ ಎರಡು ಮೂರು ಪ್ರಾಕ್ಸಿಗಳನ್ನು ಸಾಲಾಗಿ ಕಟ್ಟಿಕೊಂಡು ನಡೆಸಿದ ಒಂದು ಸಾಹಸದ ಚರಿತ್ರೆ ಈಗ ಬಹುಮಟ್ಟಿಗೆ ಮರೆತುಹೋಗಿದೆ.

ಪ್ರಾಕ್ಸಿಯು ಹುಟ್ಟಿದ್ದು ಗೌಪ್ಯಕ್ಕಾಗಿ ಅಲ್ಲ. 1994ರ ಮೇ ತಿಂಗಳಿನಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ನೆರೆದ ಮೊತ್ತಮೊದಲ ಅಂತರರಾಷ್ಟ್ರೀಯ ವೆಬ್ ಸಮ್ಮೇಳನದಲ್ಲಿ, ಸರ್ನ್‌ನ ಆರಿ ಲುಓಟೊನೆನ್ ಮತ್ತು ಇಂಟೆಲ್‌ನ ಕೆವಿನ್ ಆಲ್ಟಿಸ್ ಎಂಬಿಬ್ಬರು ಮಂಡಿಸಿದ ಪ್ರಬಂಧದ ಉದ್ದೇಶ, ಸಂಸ್ಥೆಗಳ ಫೈರ್‌ವಾಲ್ ಎಂಬ ಕೋಟೆಗೋಡೆಯ ಹಿಂದೆ ಕುಳಿತವರೂ ಹೊರಜಗತ್ತಿನ ಪುಟಗಳನ್ನು ಕಾಣುವಂತೆ, ಕೋಟೆಬಾಗಿಲಿನಲ್ಲಿ ಅವರ ಪರವಾಗಿ ಒಬ್ಬ ಪ್ರತಿನಿಧಿಯನ್ನು ನಿಲ್ಲಿಸುವುದಷ್ಟೇ ಆಗಿತ್ತು. ಎಲ್ಲರ ಕೋರಿಕೆಗಳೂ ಒಂದೇ ಬಾಗಿಲಿನಲ್ಲಿ ಹಾದುಹೋಗುವುದಾದರೆ, ಒಬ್ಬನಿಗಾಗಿ ತಂದುದನ್ನು ಇನ್ನೊಬ್ಬನಿಗೂ ಏಕೆ ಕೊಡಬಾರದೆಂಬ ಆಲೋಚನೆ ಅದರ ಬೆನ್ನಿಗೇ ಬಂದಿತು. ಕ್ಯಾಶ್ ಎಂಬ ಸಂಗ್ರಹಾಗಾರ ಹೀಗೆ ಪ್ರಾಕ್ಸಿಯೊಳಗೆ ಮನೆಮಾಡಿತು. ಆ ಕಾಲದ ಸಾಗರಾಂತರ ತಂತಿಗಳು ಎಷ್ಟು ಕಿರಿದಾಗಿದ್ದವೆಂಬುದನ್ನು ನೆನೆದರೆ ಇದರ ಮಹತ್ತ್ವ ತಿಳಿದೀತು. ನ್ಯೂಜಿಲೆಂಡಿನ ವಿಶ್ವವಿದ್ಯಾನಿಲಯಗಳು ಪೆಸಿಫಿಕ್ ಸಾಗರವನ್ನು ದಾಟಿ ಬರುವ ಮಾಹಿತಿಗೆ ಅಳೆದು ಹಣ ತೆರುತ್ತಿದ್ದವು. ಆದುದರಿಂದ ಒಂದೇ ಚಿತ್ರವನ್ನು ಹತ್ತು ಸಲ ತರಿಸುವುದೆಂದರೆ ಹತ್ತು ಸಲ ಸುಂಕ ಕೊಟ್ಟಂತೆ. ಭಾರತದಲ್ಲಿ, 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶೈಕ್ಷಣಿಕ ಜಾಲದ ಯೋಜನೆಯ ಮೂಲಸದಸ್ಯರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾಗಿದ್ದಿತಾದರೂ, ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ತನ್ನ ಸೇವೆಯನ್ನು ತೆರೆದ ಮೇಲೆ. ಅಲ್ಲಿಯೂ ವಿದ್ಯಾರ್ಥಿಗಳ ಪಾಲಿಗೆ ಬಂದದ್ದು ಲಿಂಕ್ಸ್ ಬ್ರೌಸರಿನ ಚಿತ್ರವಿಲ್ಲದ, ಅಕ್ಷರಮಾತ್ರದ ವೆಬ್ಬು. ಮುಂದೆ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿನಿಲಯಗಳಲ್ಲಿ ಓದಿದ ಅನೇಕರಿಗೆ, ಬ್ರೌಸರಿನ ಮೂಲೆಯಲ್ಲಿ ತುಂಬಬೇಕಾಗಿದ್ದ ಪ್ರಾಕ್ಸಿಯ ವಿಳಾಸವೂ 3128 ಎಂಬ ಪೋರ್ಟ್ ಸಂಖ್ಯೆಯೂ ಇಂದಿಗೂ ಕಂಠಸ್ಥವಾಗಿರಬೇಕು.

ಆ 3128 ಸ್ಕ್ವಿಡ್ ಎಂಬ ತಂತ್ರಾಂಶದ್ದು. ಕೊಲರಾಡೊ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಗಳ ಸಂಶೋಧಕರು ಕಟ್ಟಿದ ಹಾರ್ವೆಸ್ಟ್ ಯೋಜನೆಯ ಸಂಗ್ರಹಾಗಾರದಿಂದ ಕವಲೊಡೆದು, ಡ್ವೇನ್ ವೆಸೆಲ್ಸ್‌ರ ನೇತೃತ್ವದಲ್ಲಿ 1996ರಲ್ಲಿ ಅದು ಹೊರಬಂದಿತು. ಸಂಗ್ರಹಾಗಾರಗಳನ್ನು ಒಂದರ ಹಿಂದೊಂದು ಕಟ್ಟುವ ಪದ್ಧತಿಗೆ ಶಾಸ್ತ್ರೀಯ ರೂಪ ದೊರೆತದ್ದು ಹಾರ್ವೆಸ್ಟ್, ಸ್ಕ್ವಿಡ್‌ಗಳಲ್ಲಿಯೇ. ಹಳೆಯ ಮೈಸೂರಿನ ಸಾಲುಕೆರೆಗಳಲ್ಲಿ ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು ಇಳಿಯುವ ಹಾಗೆ, ಇಲ್ಲಿಯೂ ಕೆಳಗಿನ ಸಂಗ್ರಹದಲ್ಲಿ ಇಲ್ಲದುದು ಮೇಲಿನ ‘ಪೋಷಕ’ ಸಂಗ್ರಹದಿಂದ ಇಳಿದುಬರುತ್ತಿತ್ತು. ಒಡಹುಟ್ಟಿನ ಸಂಗ್ರಹಗಳು ‘ಈ ಪುಟ ನಿನ್ನಲ್ಲಿದೆಯೇ’ ಎಂದು ಪರಸ್ಪರ ಕೇಳಿಕೊಳ್ಳುವ ಸಂಭಾಷಣೆಯ ನಿಯಮಗಳನ್ನು 1997ರ ಸೆಪ್ಟೆಂಬರಿನಲ್ಲಿ ಆರ್‌ಎಫ್‌ಸಿ 2186 ಎಂಬ ದಾಖಲೆಯಲ್ಲಿ ಪ್ರಕಟಿಸಲಾಯಿತು.

ಆದರೆ ಇದೇ ಸ್ಕ್ವಿಡ್ ತನ್ನ ದಿನಚರಿಯ ಕಡತದಲ್ಲಿ ಕೋರಿದವನ ವಿಳಾಸ, ಕೋರಿದ ಪುಟ, ಕೋರಿದ ಕ್ಷಣ ಈ ಮೂರನ್ನೂ ಕರಣಿಕನ ನಿಷ್ಠೆಯಿಂದ ಬರೆದಿಡುತ್ತಿತ್ತು. ಅಷ್ಟೇ ಅಲ್ಲ, ತಾನು ಯಾರ ಪರವಾಗಿ ಬಂದಿರುವೆನೆಂಬುದನ್ನು ‘ಎಕ್ಸ್-ಫಾರ್ವರ್ಡೆಡ್-ಫಾರ್’ ಎಂಬ ತಲೆಬರಹದಲ್ಲಿ ದೂರದ ಸರ್ವರಿಗೂ ನಿವೇದಿಸಿಕೊಳ್ಳುತ್ತಿತ್ತು. ನಿರ್ವಾಹಕನ ದೃಷ್ಟಿಯಿಂದ ಇದು ಪ್ರಾಮಾಣಿಕತೆ. ಓದುಗನ ದೃಷ್ಟಿಯಿಂದ ಚಾಡಿ.

ಅತ್ತ ಜಾಹೀರಾತುಗಳೂ, 1994ರಲ್ಲಿ ನೆಟ್‌ಸ್ಕೇಪಿನ ಲೂ ಮೊಂಟುಲಿ ಕಲ್ಪಿಸಿದ ಕುಕೀಗಳೂ ಓದುಗನನ್ನು ಪುಟದಿಂದ ಪುಟಕ್ಕೆ ಹಿಂಬಾಲಿಸತೊಡಗಿದ ಮೇಲೆ, ಅವುಗಳನ್ನು ತಡೆಯುವ ಇನ್ನೊಂದು ಜಾತಿಯ ಪ್ರಾಕ್ಸಿ ಹುಟ್ಟಿಕೊಂಡಿತು. ಇಂಟರ್ನೆಟ್ ಜಂಕ್‌ಬಸ್ಟರ್ ಎಂಬುದು ಅದರಲ್ಲಿ ಹಿರಿಯದು. ಅದರ ಸಂತತಿಯಾದ ಪ್ರಿವಾಕ್ಸಿ 2002ರಲ್ಲಿ ತನ್ನ 3.0ನೆಯ ಆವೃತ್ತಿಯನ್ನು ಕಂಡಿತು. ಇವು ಊರ ಬಾಗಿಲಿನಲ್ಲಿ ನಿಲ್ಲದೆ ಓದುಗನ ಸ್ವಂತ ಗಣಕದಲ್ಲಿ, 127.0.0.1 ಎಂಬ ಸ್ವಗೃಹದ ವಿಳಾಸದಲ್ಲಿ ನೆಲೆಸಿ, ಬರುವ ಪುಟವನ್ನು ಶೋಧಿಸಿ, ಹೋಗುವ ಕೋರಿಕೆಯಿಂದ ಗುರುತುಗಳನ್ನು ಅಳಿಸುತ್ತಿದ್ದವು. ಆದರೆ ಪ್ರಿವಾಕ್ಸಿ ಏನನ್ನೂ ಕಾಪಿಡುವುದಿಲ್ಲ, ಸ್ಕ್ವಿಡ್ ಪುಟದ ಒಳಗನ್ನು ಶೋಧಿಸುವುದಿಲ್ಲ. ಆದುದರಿಂದ ಎರಡನ್ನೂ ಜೋಡಿಸಿಕೊಂಡರೆ ಶುದ್ಧಿಯೂ ವೇಗವೂ ಒಟ್ಟಿಗೆ ದೊರೆತಾವೆಂಬ ತರ್ಕ ಸಹಜವಾಗಿಯೇ ಹೊಳೆಯಿತು.

ಯಾವುದನ್ನು ಮುಂದೆ, ಯಾವುದನ್ನು ಹಿಂದೆ ಇಡಬೇಕೆಂಬ ಪ್ರಶ್ನೆಯಲ್ಲಿ ಈ ಕಲೆಯ ಮರ್ಮವೆಲ್ಲ ಅಡಗಿತ್ತು. ಬ್ರೌಸರಿನ ಸಮೀಪದಲ್ಲಿ ಸ್ಕ್ವಿಡ್ಡನ್ನೂ ಅದರಾಚೆ ಪ್ರಿವಾಕ್ಸಿಯನ್ನೂ ಇಟ್ಟರೆ, ಒಮ್ಮೆ ಶೋಧಿಸಿದ ಪುಟವೇ ಸಂಗ್ರಹವಾಗುವುದರಿಂದ ಮರುಶ್ರಮ ತಪ್ಪುತ್ತದೆ. ಆದರೆ ಶೋಧನೆಯ ನಿಯಮವನ್ನು ನೀವು ಇಂದು ಬದಲಿಸಿದರೆ, ನಿನ್ನೆಯ ನಿಯಮದಂತೆ ಶೋಧಿತವಾದ ಪುಟವೇ ಸಂಗ್ರಹದಿಂದ ಎದ್ದುಬರುತ್ತದೆ. ತಿರುವುಮುರುವಾಗಿಸಿದರೆ ಪ್ರತಿ ಸಲವೂ ಶೋಧನೆಯ ಕೆಲಸ ಹೊಸದಾಗಿ ನಡೆಯಬೇಕು. ಜೊತೆಗೆ, ಪ್ರಿವಾಕ್ಸಿ ಅಳಿಸಿದ ಗುರುತುಗಳ ಮೇಲೆ ಸ್ಕ್ವಿಡ್ ಮತ್ತೆ ತನ್ನ ತಲೆಬರಹಗಳನ್ನು ಅಂಟಿಸಿ ಕಳುಹಿಸದಂತೆ ಅದರ ಬಾಯಿಗೆ ಬೀಗ ಹಾಕಬೇಕು. ಮೊದಲ ಕ್ರಮವೇ ಮೇಲೆಂಬುದು ನನ್ನ ಅಭಿಪ್ರಾಯ. ಎರಡನೆಯದರಲ್ಲಿ ಲೋಕಕ್ಕೆ ಕೊನೆಯ ಮಾತನ್ನು ಹೇಳುವವನು ಚಾಡಿಕೋರನೇ ಆಗಿರುತ್ತಾನೆ.

ಸರಪಳಿಗೆ ಮೂರನೆಯ ಕೊಂಡಿಯನ್ನು ಒದಗಿಸಿದ್ದು ಟಾರ್. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಗೋಲ್ಡ್‌ಶ್ಲಾಗ್, ರೀಡ್, ಸಿವರ್‌ಸನ್ ಎಂಬ ಮೂವರು 1990ರ ದಶಕದಲ್ಲಿ ರೂಪಿಸಿದ ಈರುಳ್ಳಿ ಮಾರ್ಗದ ಕಲ್ಪನೆಯನ್ನು ಮುಂದುವರಿಸಿ, ಸಿವರ್‌ಸನ್‌ರು ರೋಜರ್ ಡಿಂಗಲ್‌ಡೈನ್ ಮತ್ತು ನಿಕ್ ಮ್ಯಾಥ್ಯೂಸನ್‌ರೊಡಗೂಡಿ 2002ರಲ್ಲಿ ಕಾರ್ಯರೂಪಕ್ಕೆ ತಂದ ಈ ಜಾಲದಲ್ಲಿ, ಕೋರಿಕೆಯು ಮೂರು ನಿಲ್ದಾಣಗಳನ್ನು ಹಾದುಹೋಗುತ್ತದೆ; ಕಳುಹಿಸಿದವನನ್ನೂ ಸೇರುವ ಸ್ಥಳವನ್ನೂ ಒಟ್ಟಿಗೆ ಬಲ್ಲ ನಿಲ್ದಾಣ ಅದರಲ್ಲಿ ಒಂದೂ ಇಲ್ಲ. ಟಾರ್ ಅರಿತದ್ದು ಸಾಕ್ಸ್ ಎಂಬ ಭಾಷೆಯನ್ನು. ಆ ದಿನಗಳ ಬ್ರೌಸರುಗಳು ಅದನ್ನು ಬಳಸುವಾಗ, ತಾಣದ ಹೆಸರಿಗೆ ಅಂಕಿಯ ವಿಳಾಸವಾವುದೆಂಬ ಪ್ರಶ್ನೆಯನ್ನು ಮಾತ್ರ ಸರಪಳಿಯ ಹೊರಗೆ ಬಹಿರಂಗವಾಗಿಯೇ ಕೇಳಿಬಿಡುವುದುಂಟಾಗಿತ್ತು. ಮನೆಯ ಎಲ್ಲ ಕದಗಳನ್ನೂ ಮುಚ್ಚಿದವನು ಎಲ್ಲಿಗೆ ಹೊರಟಿರುವೆನೆಂಬುದನ್ನು ಜಗಲಿಯಲ್ಲಿ ನಿಂತು ಕೂಗಿದರೆ ಏನು ಫಲ? ಪ್ರಿವಾಕ್ಸಿಯ ಸಂರಚನಾ ಕಡತದಲ್ಲಿ ಟಾರ್‌ನ 9050ನೆಯ ಪೋರ್ಟನ್ನು ತೋರಿಸುವ ಒಂದೇ ಒಂದು ಸಾಲು, ಹೆಸರನ್ನೂ ಟಾರ್‌ನ ಮೂಲಕವೇ ಕಳುಹಿಸಿ ಈ ಸೋರಿಕೆಯನ್ನು ನಿಲ್ಲಿಸುತ್ತಿತ್ತು. ಪ್ರಿವಾಕ್ಸಿಯು ಶೋಧನೆಗಾಗಿ ಇಡೀ ಪುಟ ಬಂದು ಸೇರುವವರೆಗೆ ಕಾಯುತ್ತಿದ್ದುದರಿಂದ, ಮೊದಲೇ ನಿಧಾನವಾದ ಟಾರ್ ಇನ್ನೂ ನಿಧಾನವಾಗಿ ತೋರುತ್ತಿತ್ತೆಂದು, ಕೆಲಕಾಲದ ಮೇಲೆ ಟಾರ್‌ನವರು ಯೂಲಿಯುಷ್ ಖ್ರೊಬೊಚೆಕ್‌ರ ಪೊಲಿಪೊ ಎಂಬ ಚುರುಕಾದ ಪ್ರಾಕ್ಸಿಯನ್ನು ಹಿಡಿದರು. ಪೊಲಿಪೊ ಸ್ವತಃ ಸಂಗ್ರಹಾಗಾರ. ಆದರೆ ಟಾರ್‌ನೊಡನೆ ಹಂಚಲಾಗುತ್ತಿದ್ದ ಸಂರಚನೆಯಲ್ಲಿ, ಓದಿದುದರ ಕುರುಹು ಡಿಸ್ಕಿನಲ್ಲಿ ಉಳಿಯಬಾರದೆಂದು, ಅದರ ಡಿಸ್ಕ್ ಸಂಗ್ರಹವನ್ನೇ ಖಾಲಿ ಬಿಡಲಾಗಿತ್ತು. ಸ್ಮೃತಿ ವಿಸ್ಮೃತಿಗಳ ಹಳೆಯ ಜಗಳದಲ್ಲಿ ಗೌಪ್ಯಕ್ಕೆ ಸಂದ ಸ್ಪಷ್ಟವಾದ ಜಯವಿದು.

ಜಗಳದ ಆಳವನ್ನು ವಿದ್ವಾಂಸರು ಮೊದಲೇ ತೋರಿಸಿದ್ದರು. 2000ದಲ್ಲಿ ಪ್ರಿನ್ಸ್‌ಟನ್ನಿನ ಎಡ್ವರ್ಡ್ ಫೆಲ್ಟನ್ ಮತ್ತು ಮೈಕೇಲ್ ಷ್ನೈಡರ್, ಒಂದು ಚಿತ್ರ ಎಷ್ಟು ಬೇಗ ಬಂದಿತೆಂಬುದನ್ನು ಅಳೆದೇ, ಓದುಗನು ಆ ತಾಣಕ್ಕೆ ಮುಂಚೆ ಹೋಗಿದ್ದನೋ ಇಲ್ಲವೋ ಎಂಬುದನ್ನು ಅನ್ಯತಾಣವೊಂದು ಕಂಡುಹಿಡಿಯಬಹುದೆಂದು ಸಾಧಿಸಿದ್ದರು. 2010ರಲ್ಲಿ ಪೀಟರ್ ಎಕರ್ಸ್‌ಲಿ 4,70,161 ಬ್ರೌಸರುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಶೇ. 83.6ರಷ್ಟು ತಮ್ಮ ಲಕ್ಷಣಗಳಿಂದಲೇ ಅನನ್ಯವಾಗಿ ಗುರುತಿಸಲ್ಪಡುತ್ತವೆಂದು ತೋರಿಸಿದಾಗ ಇನ್ನೊಂದು ಪೆಟ್ಟು ಬಿದ್ದಿತು. ತಲೆಬರಹಗಳನ್ನು ತನ್ನದೇ ರೀತಿಯಲ್ಲಿ ಕತ್ತರಿಸಿ ಕಳುಹಿಸುವ ಗೃಹಸ್ಥನು ಮರೆಯಾಗುವ ಬದಲು ಸಂತೆಯಲ್ಲಿ ಎದ್ದು ಕಾಣುತ್ತಿದ್ದನೆಂಬುದು ಈ ಶೋಧದ ಫಲಿತಾರ್ಥ.

ಆದರೂ ಸರಪಳಿಯನ್ನು ಕಡಿದದ್ದು ಇವೆರಡೂ ಅಲ್ಲ, ಗೂಢಲಿಪೀಕರಣ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಗೆಡಹಿದ ಸರ್ಕಾರಿ ಬೇಹುಗಾರಿಕೆಯ ರಹಸ್ಯಗಳ ತರುವಾಯ, 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಗೂಢಲಿಪೀಕರಣಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ತಾಣಗಳಿಗೆ ಉಚಿತವಾಗಿ ಹಂಚತೊಡಗಿದ ಮೇಲೆ, 2017ರ ಆರಂಭಕ್ಕಾಗಲೇ ಫೈರ್‌ಫಾಕ್ಸ್ ತೆರೆಯುತ್ತಿದ್ದ ಪುಟಗಳಲ್ಲಿ ಅರ್ಧದಷ್ಟು ಗೂಢಲಿಪಿಯಲ್ಲಿ ಬರುತ್ತಿದ್ದವು. ಅಂಥ ಪುಟದ ಮುಂದೆ ಮಧ್ಯವರ್ತಿಯು ಮುದ್ರೆಯೊತ್ತಿದ ಲಕೋಟೆಯನ್ನು ಸಾಗಿಸಬಲ್ಲನೇ ಹೊರತು ಓದಲಾರನು. ಓದದೆ ಶೋಧಿಸುವುದೂ ಇಲ್ಲ, ಕಾಪಿಡುವುದೂ ಇಲ್ಲ. ಟಾರ್ ತನ್ನದೇ ಬ್ರೌಸರನ್ನು ಕಟ್ಟಿಕೊಂಡು 2011ರ ಹೊತ್ತಿಗೆ ಪೊಲಿಪೊವನ್ನು ಕೈಬಿಟ್ಟಿತ್ತು. 2016ರಲ್ಲಿ ಪೊಲಿಪೊದ ಪೋಷಣೆಯೇ ನಿಂತಿತು. ಪ್ರಿವಾಕ್ಸಿಯು 2020ರಲ್ಲಿ ಗೂಢಪುಟಗಳನ್ನೂ ಬಿಚ್ಚಿನೋಡುವ ಸಾಮರ್ಥ್ಯವನ್ನು ಪಡೆಯಿತಾದರೂ, ಅದಕ್ಕಾಗಿ ಓದುಗನು ತನ್ನ ಗಣಕದಲ್ಲಿ ತಾನೇ ಪ್ರಮಾಣಪತ್ರದ ಅಧಿಕಾರಿಯಾಗಿ ಕುಳಿತು, ಎಲ್ಲ ತಾಣಗಳ ಹೆಸರಿನಲ್ಲೂ ಕೃತಕ ಮುದ್ರೆಗಳನ್ನು ಒತ್ತಿಕೊಳ್ಳಬೇಕು. ಆ ಮುದ್ರೆಯ ಕೀಲಿ ಪರರ ಕೈ ಸೇರಿದರೆ ಆಗುವ ಹಾನಿಯು ಯಾವ ಜಾಹೀರಾತಿನಿಂದಲೂ ಆಗಲಾರದಂಥದು. ಈ ಬೆಲೆ ಅತಿಯಾಯಿತೆಂದೇ ನನ್ನ ನಿರ್ಣಯ.

ಎರಡು ಕೊಂಡಿಗಳ ಸರಪಳಿಯನ್ನು 2021ರಲ್ಲಿ ಆಪಲ್ ಸಂಸ್ಥೆ ‘ಪ್ರೈವೇಟ್ ರಿಲೇ’ ಎಂಬ ಹೆಸರಿನಲ್ಲಿ, ತಿಂಗಳ ಚಂದಾ ಕೊಡುವವರಿಗಾಗಿ ಮತ್ತೆ ಕಟ್ಟಿಕೊಟ್ಟಿತು: ಮೊದಲನೆಯ ಕೊಂಡಿಗೆ ಓದುಗನು ಗೊತ್ತು, ಅವನು ಹೋಗುವ ತಾಣ ಗೊತ್ತಿಲ್ಲ, ಬೇರೊಂದು ಸಂಸ್ಥೆ ನಡೆಸುವ ಎರಡನೆಯದಕ್ಕೆ ತಾಣ ಗೊತ್ತು, ಓದುಗನು ಗೊತ್ತಿಲ್ಲ. ಕೊಂಡಿಗಳು ಯಾವುವು, ಅವುಗಳ ಕ್ರಮವೇನು, ಅವು ಏನನ್ನು ನೆನಪಿಟ್ಟುಕೊಳ್ಳಬೇಕು ಎಂಬ ಮೂರು ವಿಷಯಗಳನ್ನೂ ಅಲ್ಲಿ ತೀರ್ಮಾನಿಸುವುದು ಕಂಪನಿಯೇ.